ಡಿಸೆಂಬರ್ 25 ಮೊದಲು ಯಾರ ದಿನವಾಗಿತ್ತು?

ಪ್ರಶ್ನೆ: ನಾವು ಮಂಗಳೂರಿನ ಕಥೋಲಿಕ ಕುಟುಂಬದವರು. ಪ್ರತಿ ಡಿಸೆಂಬರ್‌ನಲ್ಲೂ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಓಡಾಡುತ್ತದೆ. ಡಿಸೆಂಬರ್ 25 ಯೇಸುವಿನ ಜನ್ಮದಿನವಲ್ಲ, ಅದು ಸೂರ್ಯದೇವನ ಮತ್ತು ಮಿತ್ರನ ಹಬ್ಬ. ಉಡುಗೊರೆ ಕೊಡುವುದು ರೋಮನರ ಸ್ಯಾಟರ್ನೇಲಿಯಾ. ಕ್ರಿಸ್‌ಮಸ್ ಮರ ಜರ್ಮನರ ವೃಕ್ಷಪೂಜೆ. ಸಾಂತಾ ಕ್ಲಾಸ್ ಎಂದರೆ ಓಡಿನ್ ದೇವರು ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಮಗಳು ಈ ಸಲ ಅದನ್ನು ಓದಿ, ಮನೆಯಲ್ಲಿ ಮರವೂ ಬೇಡ, ಬಾಗಿಲಿಗೆ ನಕ್ಷತ್ರವೂ ಬೇಡ ಎನ್ನುತ್ತಿದ್ದಾಳೆ. ಇದರಲ್ಲಿ ನಿಜವೆಷ್ಟು?

ಉತ್ತರ: ಮಗಳ ಮಾತನ್ನು ಹುಡುಗಾಟವೆಂದು ತಳ್ಳಿಹಾಕಬೇಡಿ. ಆಕೆ ಎತ್ತಿರುವ ಪ್ರಶ್ನೆಯನ್ನು ಕ್ರೈಸ್ತರೇ ತಮ್ಮತಮ್ಮೊಳಗೆ ಹದಿನೆಂಟು ನೂರು ವರ್ಷಗಳಿಂದ ಕೇಳಿಕೊಳ್ಳುತ್ತ ಬಂದಿದ್ದಾರೆ. ಆದರೆ ಆ ಸಂದೇಶ ಬರೆದವರು ಬೇರೆ ಬೇರೆ ಕಾಲದ, ಬೇರೆ ಬೇರೆ ದೇಶದ ಹಲವು ಸಂಗತಿಗಳನ್ನು ಒಂದೇ ದಾರಕ್ಕೆ ಪೋಣಿಸಿದ್ದಾರೆ. ಉಡುಗೊರೆಯ ಬಗ್ಗೆ ಹೇಳಿರುವುದರಲ್ಲಿ ಹುರುಳಿದೆ. ದಿನಾಂಕದ ಬಗ್ಗೆ ಹೇಳಿರುವುದು ಅರ್ಧ ಸತ್ಯ. ಮಿತ್ರ, ಮರ ಮತ್ತು ಉತ್ತರ ಯುರೋಪಿನ ಹಳೆಯ ದೇವರಾದ ಓಡಿನ್ ಬಗ್ಗೆ ಹೇಳಿರುವುದಕ್ಕೆ ಆಧಾರವಿಲ್ಲ. ಯಾವುದಾದರೂ ಆಚರಣೆ ಬಹಳ ಪುರಾತನದ್ದೆಂದು ಯಾರಾದರೂ ಹೇಳಿದಾಗ, ಅದನ್ನು ಮೊದಲು ಬರೆದಿಟ್ಟವರು ಯಾರು, ಯಾವಾಗ ಎಂದು ನಾನು ಕೇಳುತ್ತೇನೆ. ಎರಡು ಆಚರಣೆಗಳು ನೋಡಲು ಒಂದೇ ತೆರನಾಗಿದ್ದ ಮಾತ್ರಕ್ಕೆ ಒಂದು ಇನ್ನೊಂದರಿಂದ ಹುಟ್ಟಿತೆಂದು ಹೇಳಲಾಗದು. ಅವೆರಡರ ನಡುವೆ ಸಾವಿರ ವರ್ಷ ಯಾರೂ ಏನೂ ಹೇಳಿಲ್ಲದಿದ್ದರೆ ಆ ಮೌನಕ್ಕೂ ಕಾರಣ ಕೊಡಬೇಕಾಗುತ್ತದೆ.

ಮೊದಲು ‘ಪೇಗನ್’ ಎಂಬ ಪದವನ್ನು ನೋಡೋಣ. ಲ್ಯಾಟಿನ್ನಿನಲ್ಲಿ ‘ಪಗಾನುಸ್’ ಎಂದರೆ ಹಳ್ಳಿಗ, ಅಥವಾ ಸೈನಿಕನಲ್ಲದ ಸಾಮಾನ್ಯ ಮನುಷ್ಯ. ನಾಲ್ಕನೆಯ ಶತಮಾನದ ಕ್ರೈಸ್ತರು, ಕ್ರೈಸ್ತರೂ ಅಲ್ಲದ ಯೆಹೂದ್ಯರೂ ಅಲ್ಲದ ಎಲ್ಲರಿಗೂ ಈ ಹೆಸರನ್ನು ಅಂಟಿಸಿದರು. ತನ್ನನ್ನು ತಾನು ಪೇಗನ್ ಎಂದು ಕರೆದುಕೊಂಡ ಧರ್ಮವೊಂದು ಆ ಕಾಲದಲ್ಲಿ ಇರಲಿಲ್ಲ. ರೋಮಿನ ಕುಶಲಕರ್ಮಿ, ಗಾಲ್ ದೇಶದ (ಇಂದಿನ ಫ್ರಾನ್ಸ್) ಪೂಜಾರಿ, ನಾರ್ವೆಯ ರೈತ, ಇವರ ದೇವರುಗಳಾಗಲಿ ಹಬ್ಬಗಳಾಗಲಿ ಒಂದೇ ಆಗಿರಲಿಲ್ಲ. ಆದ್ದರಿಂದ ಕ್ರಿಸ್‌ಮಸ್ ಪೇಗನ್ ಹಬ್ಬವೇ ಎಂದು ಒಟ್ಟಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ದಿನಾಂಕ, ದೀಪ, ಉಡುಗೊರೆ, ಮರ ಎಂದು ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಬೇಕು.

ಯೇಸು ಯಾವ ದಿನ ಹುಟ್ಟಿದರೆಂದು ಶುಭಸಂದೇಶಗಳಲ್ಲಿ ಹೇಳಿಲ್ಲ. ಮತ್ತಾಯ ಮತ್ತು ಲೂಕರು ಜನನದ ಕಥೆಯನ್ನು ಹೇಳುತ್ತಾರೆ, ಮಾರ್ಕ ಮತ್ತು ಯೊವಾನ್ನರು ಅದನ್ನೂ ಹೇಳುವುದಿಲ್ಲ. ಮೊದಲ ಎರಡು ಶತಮಾನಗಳ ಕ್ರೈಸ್ತರಿಗೆ ದೊಡ್ಡ ಹಬ್ಬವೆಂದರೆ ಪಾಸ್ಕ, ಅಂದರೆ ಯೇಸುವಿನ ಮರಣ ಮತ್ತು ಪುನರುತ್ಥಾನದ ಹಬ್ಬ. ಹುಟ್ಟುಹಬ್ಬ ಆಚರಿಸುವುದೆಂದರೆ ಕೆಲವರಿಗೆ ಮುಜುಗರವೇ ಆಗುತ್ತಿತ್ತು. ಬೈಬಲಿನಲ್ಲಿ ಜನ್ಮದಿನ ಆಚರಿಸಿಕೊಂಡವರು ಫರೋಹ ಮತ್ತು ಹೆರೋದನಂಥ ಪಾಪಿಗಳು ಮಾತ್ರ ಎಂದು ಮೂರನೆಯ ಶತಮಾನದ ಓರಿಜೆನ್ ಎಂಬ ಪಂಡಿತ ಬರೆದ. ಅವನಿಗಿಂತ ಸ್ವಲ್ಪ ಮೊದಲು, ಸುಮಾರು ಕ್ರಿ.ಶ. 200ರಲ್ಲಿ, ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಎಂಬಾತ ಯೇಸುವಿನ ಜನ್ಮದಿನವನ್ನು ಲೆಕ್ಕಹಾಕಲು ಹೊರಟವರ ಅಭಿಪ್ರಾಯಗಳನ್ನು ಪಟ್ಟಿಮಾಡಿದ್ದಾನೆ. ಅವನು ಈಜಿಪ್ಟಿನ ತಿಂಗಳುಗಳಲ್ಲಿ ಕೊಟ್ಟಿರುವ ಆ ದಿನಗಳನ್ನು ನಮ್ಮ ಲೆಕ್ಕಕ್ಕೆ ತಂದರೆ ಕೆಲವು ಏಪ್ರಿಲ್‌ನಲ್ಲಿ, ಒಂದು ಮೇ ತಿಂಗಳಲ್ಲಿ ಬೀಳುತ್ತದೆ. ಡಿಸೆಂಬರ್ 25ರ ಸುದ್ದಿಯೇ ಅಲ್ಲಿಲ್ಲ.

ಆ ದಿನಾಂಕ ಖಚಿತವಾಗಿ ಕಾಣಿಸುವ ಪುಸ್ತಕದ ಬಗ್ಗೆ ನಿಮ್ಮ ಮಗಳಿಗೆ ಸ್ವಲ್ಪ ವಿವರವಾಗಿಯೇ ಹೇಳಿ, ಏಕೆಂದರೆ ಇಡೀ ವಿವಾದ ಅದರ ಪುಟಗಳಲ್ಲಿ ಅಡಗಿದೆ. ರೋಮ್ ನಗರದಲ್ಲಿ ವ್ಯಾಲೆಂಟೀನುಸ್ ಎಂಬ ಕ್ರೈಸ್ತ ಶ್ರೀಮಂತನಿಗಾಗಿ ಫಿಲೊಕಾಲುಸ್ ಎಂಬ ಅಕ್ಷರಶಿಲ್ಪಿ ಕ್ರಿ.ಶ. 354ರಲ್ಲಿ ಚಿತ್ರಸಹಿತವಾದ ಒಂದು ಪಂಚಾಂಗವನ್ನು ಸಿದ್ಧಪಡಿಸಿದ. ಮೂಲಪ್ರತಿ ಕಳೆದುಹೋಗಿದೆ, ನಕಲುಗಳು ಉಳಿದಿವೆ. ಅದರ ಒಂದು ಭಾಗದಲ್ಲಿ ರೋಮಿನ ಸಾರ್ವಜನಿಕ ಹಬ್ಬಗಳ ಪಟ್ಟಿಯಿದೆ. ಅಲ್ಲಿ ಡಿಸೆಂಬರ್ 25ರ ಎದುರು ‘ಅಜೇಯನ ಜನ್ಮದಿನ, ಮೂವತ್ತು ರಥಪಂದ್ಯ’ ಎಂಬ ಅರ್ಥದ ಚಿಕ್ಕ ನಮೂದು ಇದೆ. ಅಜೇಯನೆಂದರೆ ‘ಸೋಲ್ ಇನ್ವಿಕ್ಟಸ್’, ಸೋಲರಿಯದ ಸೂರ್ಯ. ಅದೇ ಪುಸ್ತಕದ ಇನ್ನೊಂದು ಭಾಗದಲ್ಲಿ, ಹುತಾತ್ಮರ ಸ್ಮರಣೆಯ ದಿನಗಳ ಪಟ್ಟಿಯ ಮೊದಲ ಸಾಲಿನಲ್ಲಿ, ಅದೇ ದಿನಾಂಕದ ಎದುರು, ಕ್ರಿಸ್ತನು ಯೂದಾಯದ ಬೆತ್ಲೆಹೇಮಿನಲ್ಲಿ ಹುಟ್ಟಿದನೆಂದು ಬರೆದಿದೆ. ಈ ಎರಡನೆಯ ಪಟ್ಟಿ 336ರ ಹೊತ್ತಿಗೇ ತಯಾರಾಗಿತ್ತೆಂದು ವಿದ್ವಾಂಸರು ಲೆಕ್ಕಹಾಕಿದ್ದಾರೆ. ಒಂದೇ ಪುಸ್ತಕ, ಒಂದೇ ದಿನಾಂಕ, ಎರಡು ಜನನಗಳು.

ಕ್ರೈಸ್ತರು ಸೂರ್ಯನ ಹಬ್ಬವನ್ನು ತಮ್ಮದಾಗಿಸಿಕೊಂಡರು ಎಂಬ ವಾದ ನಿಂತಿರುವುದು ಇದರ ಮೇಲೆ. ಚಕ್ರವರ್ತಿ ಔರೇಲಿಯನ್ 274ರಲ್ಲಿ ರೋಮಿನಲ್ಲಿ ಸೂರ್ಯನಿಗೆ ಭವ್ಯವಾದ ದೇವಾಲಯ ಕಟ್ಟಿಸಿದ್ದು ನಿಜ. ಅದನ್ನು ಡಿಸೆಂಬರ್ 25ರಂದೇ ಪ್ರತಿಷ್ಠೆ ಮಾಡಿದನೆಂದು ಬಹಳ ಕಡೆ ಬರೆಯುತ್ತಾರೆ, ಆದರೆ ಹಾಗೆಂದು ಹೇಳುವ ಅವನ ಕಾಲದ ದಾಖಲೆ ಒಂದೂ ಇಲ್ಲ. ಡಿಸೆಂಬರ್ 25ಕ್ಕೂ ಅಜೇಯ ಸೂರ್ಯನಿಗೂ ನಂಟಿದೆಯೆಂದು ತೋರಿಸುವ ಅತಿ ಹಳೆಯ ಬರಹ ಈ 354ರ ಪಂಚಾಂಗವೇ, ಮತ್ತು ಅದೇ ಪಂಚಾಂಗದಲ್ಲಿ ಅಕ್ಟೋಬರ್‌ನಲ್ಲಿ ಸೂರ್ಯನ ಹೆಸರಿನಲ್ಲಿ ನಾಲ್ಕು ದಿನಗಳ ಪಂದ್ಯಗಳೂ ಇವೆ. ಅಂದಮೇಲೆ ಡಿಸೆಂಬರ್‌ನ ಹಬ್ಬವೇ ಸೂರ್ಯೋಪಾಸಕರ ಪರಮ ಹಬ್ಬವಾಗಿತ್ತೆಂದು ಖಡಾಖಂಡಿತವಾಗಿ ಹೇಳುವುದು ಕಷ್ಟ. ಮಿತ್ರನ ಮಾತಂತೂ ಪೂರ್ತಿ ತಪ್ಪು. ಋಗ್ವೇದದ ಮಿತ್ರ, ಇರಾನಿನ ಮಿಥ್ರ ಮತ್ತು ರೋಮಿನ ಸೈನಿಕರು ಆರಾಧಿಸುತ್ತಿದ್ದ ಮಿಥ್ರಾಸ್, ಈ ಮೂರರ ಹೆಸರಿನ ಬೇರು ಒಂದೇ ಆದರೂ, ರೋಮಿನ ಮಿಥ್ರಾಸ್ ಡಿಸೆಂಬರ್ 25ರಂದು ಹುಟ್ಟಿದನೆಂದು ಹೇಳುವ ಪ್ರಾಚೀನ ಗ್ರಂಥವಾಗಲಿ ಶಾಸನವಾಗಲಿ ಇಲ್ಲ. ಶಿಲ್ಪಗಳಲ್ಲಿ ಅವನು ಬಂಡೆಯೊಂದರಿಂದ ಪೂರ್ಣ ಯುವಕನಾಗಿ ಮೇಲೇಳುತ್ತಾನೆ. ಕನ್ಯೆಯೂ ಇಲ್ಲ, ಗೋದಲಿಯೂ ಇಲ್ಲ.

ಹಾಗಾದರೆ ಕ್ರೈಸ್ತರಿಗೆ ಈ ದಿನಾಂಕ ಎಲ್ಲಿಂದ ಬಂತು? ಇನ್ನೊಂದು ವಾದ 1889ರಲ್ಲಿ ಫ್ರಾನ್ಸಿನ ಲೂಯಿ ದುಶೇನ್ ಎಂಬ ಚರ್ಚ್ ಇತಿಹಾಸಕಾರರಿಂದ ಬಂತು. ಯೇಸು ಶಿಲುಬೆಯ ಮೇಲೆ ಸತ್ತದ್ದು ಮಾರ್ಚ್ 25ರಂದು ಎಂಬ ಲೆಕ್ಕ ಸುಮಾರು 200ರ ಹೊತ್ತಿಗೇ ಲ್ಯಾಟಿನ್ ಭಾಷೆಯ ಕ್ರೈಸ್ತರಲ್ಲಿತ್ತು. ತೆರ್ತುಲ್ಲಿಯನ್ ಎಂಬ ಕ್ರೈಸ್ತ ಲೇಖಕನ ಬರಹದಲ್ಲಿ ಅದು ಸಿಗುತ್ತದೆ. ಮಹಾಪುರುಷನ ಆಯುಷ್ಯದಲ್ಲಿ ಮುರಿದ ವರ್ಷಗಳಿರಬಾರದು, ಆದ್ದರಿಂದ ಗರ್ಭಕ್ಕೆ ಬಂದ ದಿನವೂ ಮರಣದ ದಿನವೂ ಒಂದೇ ಆಗಿರಬೇಕು ಎಂಬ ಭಾವನೆ ಅವರಲ್ಲಿತ್ತೆಂದು ದುಶೇನ್ ಊಹಿಸಿದರು. ಮಾರ್ಚ್ 25ಕ್ಕೆ ಒಂಬತ್ತು ತಿಂಗಳು ಸೇರಿಸಿದರೆ ಡಿಸೆಂಬರ್ 25. ಐದನೆಯ ಶತಮಾನದ ಆರಂಭದಲ್ಲಿ ಸಂತ ಅಗಸ್ಟೀನರು ಇದನ್ನೇ ಸ್ಪಷ್ಟವಾಗಿ ಬರೆದಿದ್ದಾರೆ: ಯೇಸು ಗರ್ಭಕ್ಕೆ ಬಂದದ್ದೂ ಮಾರ್ಚ್ 25ರಂದು, ಯಾತನೆ ಪಟ್ಟದ್ದೂ ಅಂದೇ ಎಂದು ನಂಬಲಾಗಿದೆ ಎಂದು. ನೀವು ಇಂದಿಗೂ ಮಾರ್ಚ್ 25ನ್ನು ಮರಿಯಮ್ಮನವರಿಗೆ ದೇವದೂತ ಶುಭವಾರ್ತೆ ತಿಳಿಸಿದ ದಿನವಾಗಿ ಆಚರಿಸುತ್ತೀರಿ. ಪೂರ್ವದ ಕ್ರೈಸ್ತರಲ್ಲಿ ಇದೇ ತರ್ಕ ಏಪ್ರಿಲ್ 6ರಿಂದ ಹೊರಟು ಜನವರಿ 6ಕ್ಕೆ ಮುಟ್ಟಿತೆಂದು ತೋರುತ್ತದೆ. ಆರ್ಮೇನಿಯದ ಚರ್ಚ್ ಇಂದಿಗೂ ಯೇಸುವಿನ ಜನನವನ್ನು ಜನವರಿ 6ರಂದೇ ಆಚರಿಸುತ್ತದೆ. ಡಿಸೆಂಬರ್ 25 ಎಲ್ಲೆಡೆ ಒಮ್ಮೆಗೇ ಹಬ್ಬಲಿಲ್ಲ. 386ರ ಸುಮಾರಿಗೆ ಪೂರ್ವದ ಅಂತಿಯೋಕ್ಯ ನಗರದಲ್ಲಿ ಯೊವಾನ್ ಕ್ರಿಸೊಸ್ತೊಮ್ ಎಂಬ ಪಾದ್ರಿ ಪ್ರಬೋಧನೆ ಮಾಡುತ್ತ, ಈ ದಿನ ನಮಗೆ ಗೊತ್ತಾಗಿ ಇನ್ನೂ ಹತ್ತು ವರ್ಷವೂ ಆಗಿಲ್ಲ ಎಂದು ಹೇಳಿ, ಅದನ್ನು ಒಪ್ಪಿಕೊಳ್ಳುವಂತೆ ಜನರ ಮನವೊಲಿಸುತ್ತಾರೆ.

ಎರಡೂ ವಾದಗಳ ಅಡಿಯಲ್ಲಿ ಒಂದೇ ನೆಲವಿದೆ ಎಂಬುದು ನನ್ನ ಅಭಿಪ್ರಾಯ. ರೋಮನರ ಸಾಂಪ್ರದಾಯಿಕ ಪಂಚಾಂಗದಲ್ಲಿ ಮಾರ್ಚ್ 25 ವಸಂತ ವಿಷುವದ ದಿನ, ಡಿಸೆಂಬರ್ 25 ಉತ್ತರಾಯಣದ ದಿನ. ನಾಲ್ಕನೆಯ ಶತಮಾನದ ಹೊತ್ತಿಗೆ ಆಕಾಶದಲ್ಲಿ ನಿಜವಾದ ಅಯನ ಕೆಲವು ದಿನ ಮೊದಲೇ ಆಗಿಹೋಗುತ್ತಿತ್ತು, ಏಕೆಂದರೆ ಆಗಿನ ರೋಮನ್ ಪಂಚಾಂಗದ ವರ್ಷ, ಅಂದರೆ ಜೂಲಿಯನ್ ವರ್ಷ, ಸೌರವರ್ಷಕ್ಕಿಂತ ಸುಮಾರು ಹನ್ನೊಂದು ನಿಮಿಷ ಉದ್ದವಾಗಿತ್ತು. ಆದರೂ ಪಂಚಾಂಗದ ದಿನವೇ ಜನರ ಮನಸ್ಸಿನಲ್ಲಿ ಉಳಿಯಿತು. ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು; ನಾವು ಎಳ್ಳುಬೆಲ್ಲ ಬೀರಿ ಉತ್ತರಾಯಣ ಬಂತೆನ್ನುವುದು ಜನವರಿ 14 ಅಥವಾ 15ರಂದು. ಅಲ್ಲಿಯ ಕಾರಣ ಬೇರೆ, ಇಲ್ಲಿಯ ಕಾರಣ ಬೇರೆ, ಆದರೆ ಹಬ್ಬ ಒಮ್ಮೆ ಒಂದು ದಿನಕ್ಕೆ ಕಚ್ಚಿಕೊಂಡರೆ ಆಕಾಶ ಸರಿದರೂ ಅದು ಸರಿಯುವುದಿಲ್ಲ. ಕತ್ತಲೆ ತಿರುಗಿ ಬೆಳಕು ಬೆಳೆಯಲು ತೊಡಗುವ ದಿನವೆಂದು ಎಲ್ಲರೂ ನಂಬಿದ್ದ ಒಂದು ದಿನವನ್ನು ಸೂರ್ಯನ ಭಕ್ತರೂ ಆರಿಸಿಕೊಂಡರು. ಮಲಾಕಿ ಪ್ರವಾದಿಯ ಗ್ರಂಥದಲ್ಲಿ ಬರುವ ‘ನೀತಿಯ ಸೂರ್ಯ’ ಕ್ರಿಸ್ತನೇ ಎಂದು ನಂಬಿದ್ದ ಕ್ರೈಸ್ತರೂ ಆರಿಸಿಕೊಂಡರು. ಯಾರು ಯಾರಿಂದ ಪಡೆದರೆಂದು ನಿರ್ಧರಿಸಲು ಈಗಿರುವ ದಾಖಲೆಗಳು ಸಾಲವು. ಆದರೆ ಒಬ್ಬರ ಹಬ್ಬದ ಅರಿವು ಇನ್ನೊಬ್ಬರಿಗಿರಲಿಲ್ಲ ಎನ್ನುವಂತೆಯೂ ಇಲ್ಲ. ನಾವು ಈ ದಿನವನ್ನು ಆಚರಿಸುವುದು ಈ ಸೂರ್ಯನಿಗಾಗಿ ಅಲ್ಲ, ಸೂರ್ಯನನ್ನು ಸೃಷ್ಟಿಸಿದವನಿಗಾಗಿ ಎಂಬರ್ಥದಲ್ಲಿ ಅಗಸ್ಟೀನರು ಕ್ರಿಸ್‌ಮಸ್ ದಿನದಂದೇ ಪ್ರಬೋಧನೆ ಮಾಡಿದ್ದಾರೆ.

ಇಡೀ ವಿಷಯದಲ್ಲಿ ನನಗೆ ಅತ್ಯಂತ ಅಮೂಲ್ಯವೆನಿಸುವ ಸಾಕ್ಷ್ಯ ಇಂಥ ಪ್ರಬೋಧನೆಗಳೇ. ಐದನೆಯ ಶತಮಾನದ ನಡುವೆ ಪೋಪ್ ಆಗಿದ್ದ ಮಹಾ ಲಿಯೋ ಒಂದು ಕ್ರಿಸ್‌ಮಸ್ ಪ್ರಬೋಧನೆಯಲ್ಲಿ ತಾವು ಕಣ್ಣಾರೆ ಕಂಡದ್ದನ್ನು ಹೇಳಿ ನೊಂದುಕೊಳ್ಳುತ್ತಾರೆ. ಬೆಳಗಿನ ಹೊತ್ತು ಸಂತ ಪೇತ್ರರ ಮಹಾದೇವಾಲಯಕ್ಕೆ ಬರುವ ಭಕ್ತರು ಮೆಟ್ಟಿಲು ಹತ್ತಿ ಜಗಲಿಯ ಮೇಲೆ ಬಂದು, ಒಳಗೆ ಹೋಗುವ ಮೊದಲು ಹಿಂದಕ್ಕೆ ತಿರುಗಿ, ಮೂಡುತ್ತಿರುವ ಸೂರ್ಯನಿಗೆ ತಲೆಬಾಗಿ ನಮಸ್ಕರಿಸುತ್ತಾರಂತೆ. ಅವರಲ್ಲಿ ಕೆಲವರು ಸೂರ್ಯನ ಸೃಷ್ಟಿಕರ್ತನಿಗೇ ವಂದಿಸುತ್ತಿರಬಹುದು, ಆದರೂ ಹಾಗೆ ಮಾಡಬಾರದು ಎಂದು ಲಿಯೋ ತಿಳಿಹೇಳುತ್ತಾರೆ. ಆ ಜನ ದೀಕ್ಷೆ ಪಡೆದ ಕ್ರೈಸ್ತರು, ಪೂಜೆಗೆಂದೇ ಬಂದವರು. ಆದರೆ ಮುಂಜಾನೆ ಎದ್ದು ಸೂರ್ಯನಿಗೆ ಕೈಮುಗಿಯುವ ಅಭ್ಯಾಸ ತಾತಮುತ್ತಾತಂದಿರಿಂದ ಮೈಗೆ ಅಂಟಿ ಬಂದಿತ್ತು. ಚರ್ಚು ಮೇಲಿನಿಂದ ಯೋಜನೆ ಹಾಕಿ ಪೇಗನ್ ಹಬ್ಬಗಳನ್ನು ಕದ್ದಿತೆಂದು ನಿಮಗೆ ಬಂದ ಸಂದೇಶ ಸೂಚಿಸುತ್ತದೆ. ದಾಖಲೆಗಳಲ್ಲಿ ಕಾಣುವ ಚಿತ್ರ ಬಹುಮಟ್ಟಿಗೆ ತಿರುವುಮುರುವು: ಜನ ಬಿಡಲೊಲ್ಲರು, ಬಿಷಪರು ಗದರಿಸುತ್ತಲೇ ಇದ್ದಾರೆ. ಹಳೆಯ ಆಚರಣೆಗಳು ಕ್ರೈಸ್ತರ ಮನೆಗಳಲ್ಲಿ ನಿಜಕ್ಕೂ ಉಳಿದುಕೊಂಡಿದ್ದವು ಎಂದು ನಮಗೆ ಗೊತ್ತಾಗುವುದೇ ಈ ಗದರಿಕೆಗಳಿಂದ.

ಉಡುಗೊರೆ ಮತ್ತು ದೀಪಗಳಲ್ಲಿ ಇದು ಇನ್ನೂ ಸ್ಪಷ್ಟ. ಸ್ಯಾಟರ್ನೇಲಿಯಾ ಡಿಸೆಂಬರ್ 17ರಂದು ಆರಂಭವಾಗಿ, ಕಾಲಕ್ರಮದಲ್ಲಿ 23ರವರೆಗೆ ಬೆಳೆದ ಹಬ್ಬ. ಶನಿ ಎಂದು ನಾವು ಗ್ರಹಕ್ಕೆ ಹೆಸರಿಟ್ಟಿರುವ ಸ್ಯಾಟರ್ನ್, ರೋಮನರಿಗೆ ಹಳೆಯ ಸುವರ್ಣಯುಗದ ಒಡೆಯ. ಆ ದಿನಗಳಲ್ಲಿ ನ್ಯಾಯಾಲಯ, ಶಾಲೆಗಳಿಗೆ ರಜೆ, ಜೂಜಿಗೆ ಅನುಮತಿ, ಗುಲಾಮರಿಗೆ ಯಜಮಾನರ ಜೊತೆಯಲ್ಲೇ, ಕೆಲವೆಡೆ ಅವರಿಗಿಂತ ಮೊದಲೇ, ಊಟ. ಜನ ಒಬ್ಬರಿಗೊಬ್ಬರು ಮೇಣದ ಬತ್ತಿಗಳನ್ನೂ ಸುಟ್ಟ ಮಣ್ಣಿನ ಪುಟ್ಟ ಗೊಂಬೆಗಳನ್ನೂ ಕೊಡುತ್ತಿದ್ದರು. ಮೊದಲನೆಯ ಶತಮಾನದ ಕವಿ ಮಾರ್ಷಿಯಲ್, ಈ ಹಬ್ಬದ ಉಡುಗೊರೆಗಳ ಜೊತೆ ಕಳುಹಿಸಲೆಂದು ಎರಡೆರಡು ಸಾಲಿನ ಪದ್ಯಗಳನ್ನು ಬರೆದ. ಬರೆಯುವ ಹಲಗೆ, ದಾಳ, ಬಾಚಣಿಗೆ, ಹಲ್ಲುಕಡ್ಡಿ, ಬಿಸಿಲಿಗೆ ಹಿಡಿಯುವ ಕೊಡೆ, ಮೇಣದ ಬತ್ತಿ, ಹೀಗೆ ಶ್ರೀಮಂತ ಕೊಡುವ ವಸ್ತುವೂ ಬಡವ ಕೊಡುವ ವಸ್ತುವೂ ಅವುಗಳಲ್ಲಿ ಬರುತ್ತವೆ. ಅವನ್ನು ಓದುವಾಗ ಎರಡು ಸಾವಿರ ವರ್ಷ ಹಿಂದಿನ ಒಂದು ಮನೆಯ ಹಬ್ಬದ ಸಂಜೆ ಕಣ್ಣಮುಂದೆ ಬಂದಂತಾಗುತ್ತದೆ.

ಆದರೆ ಕ್ರಿಸ್‌ಮಸ್ ಉಡುಗೊರೆಗೆ ಇದಕ್ಕಿಂತ ಹತ್ತಿರದ ನಂಟು ಇರುವುದು ಜನವರಿ 1ರ ರೋಮನ್ ಹೊಸವರ್ಷದ ಜೊತೆ. ಅಂದು ಶುಭಶಕುನಕ್ಕಾಗಿ ಕೊಡುತ್ತಿದ್ದ ಕಾಣಿಕೆಗೆ ‘ಸ್ತ್ರೇನೆ’ ಎಂಬ ಹೆಸರು. ಫ್ರೆಂಚರು ಹೊಸವರ್ಷದ ಉಡುಗೊರೆಗೆ ಇಂದಿಗೂ ‘ಎತ್ರೆನ್’ ಎನ್ನುತ್ತಾರೆ, ಪದ ಅದೇ. ಸುಮಾರು 200ರಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ತೆರ್ತುಲ್ಲಿಯನ್ ತನ್ನ ಜನರನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ: ನಮ್ಮವರು ಸ್ಯಾಟರ್ನೇಲಿಯಾ ಆಚರಿಸುತ್ತಾರೆ, ಹೊಸವರ್ಷ ಆಚರಿಸುತ್ತಾರೆ, ಕಾಣಿಕೆಗಳು ಅತ್ತಿಂದಿತ್ತ ಓಡಾಡುತ್ತವೆ, ಬಾಗಿಲಿಗೆ ದೀಪವೂ ಲಾರೆಲ್ ಎಲೆಯ ಮಾಲೆಯೂ ಇಲ್ಲದ ಮನೆ ಹುಡುಕಿದರೆ ಅದು ಅನ್ಯಧರ್ಮೀಯರದ್ದಾಗಿರುತ್ತದೆಯೇ ಹೊರತು ಕ್ರೈಸ್ತರದ್ದಲ್ಲ ಎಂದು. ಆಗಿನ್ನೂ ಕ್ರಿಸ್‌ಮಸ್ ಎಂಬ ಹಬ್ಬವೇ ಇರಲಿಲ್ಲ ಎಂಬುದನ್ನು ಗಮನಿಸಿ. ಬಾಗಿಲಿಗೆ ಹಸಿರು ಮಾಲೆ ಮತ್ತು ದೀಪ, ನೆಂಟರಿಗೆ ಕಾಣಿಕೆ, ಇವೆರಡೂ ಕ್ರಿಸ್‌ಮಸ್‌ಗಿಂತ ಮೊದಲೇ ಕ್ರೈಸ್ತರ ಮನೆಗಳಲ್ಲಿದ್ದವು. ಸುಮಾರು ಐನೂರು ವರ್ಷಗಳ ನಂತರ, 692ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಬಿಷಪರ ಸಭೆ ಇದೇ ಹೊಸವರ್ಷದ ಆಚರಣೆಗಳನ್ನು ಮತ್ತೊಮ್ಮೆ ನಿಷೇಧಿಸಬೇಕಾಯಿತು. ಮುಂದೆ ಯುರೋಪಿನಲ್ಲಿ ಉಡುಗೊರೆ ಬಹುಕಾಲ ಹೊಸವರ್ಷಕ್ಕೂ ಡಿಸೆಂಬರ್ 6ರ ಸಂತ ನಿಕೊಲಾಸರ ಹಬ್ಬಕ್ಕೂ ಸೇರಿತ್ತು. ಅದು ಕ್ರಿಸ್‌ಮಸ್ ದಿನಕ್ಕೆ ಪೂರ್ತಿಯಾಗಿ ಬಂದು ಸೇರಿದ್ದು ಈಚಿನ ಶತಮಾನಗಳಲ್ಲಿ. ಆದ್ದರಿಂದ ಸಂದೇಶದ ಈ ಭಾಗದಲ್ಲಿ ಸತ್ಯವಿದೆ, ಆದರೆ ದಾರಿ ಅದು ಹೇಳಿದಷ್ಟು ನೇರವಾಗಿಲ್ಲ.

ಉತ್ತರ ಯುರೋಪಿನ ‘ಯೂಲ್’ ಹಬ್ಬದಲ್ಲಿ ಮಾತ್ರ ಉದ್ದೇಶಪೂರ್ವಕ ಜೋಡಣೆಯೊಂದರ ಕಥೆ ಸಿಗುತ್ತದೆ. ಎಂಟನೆಯ ಶತಮಾನದ ಇಂಗ್ಲಿಷ್ ಸನ್ಯಾಸಿ ಬೀಡ್, ತನ್ನ ಜನರ ಪೂರ್ವಿಕರು ಡಿಸೆಂಬರ್ ಮತ್ತು ಜನವರಿ ಎರಡಕ್ಕೂ ‘ಗಿಯುಲಿ’ ಎಂಬ ಹೆಸರಿಟ್ಟಿದ್ದರೆಂದೂ, ಡಿಸೆಂಬರ್ 25ರ ರಾತ್ರಿಯನ್ನು ‘ತಾಯಂದಿರ ರಾತ್ರಿ’ ಎಂದು ಕರೆಯುತ್ತಿದ್ದರೆಂದೂ 725ರಲ್ಲಿ ಬರೆದ. ಅದರಲ್ಲಿ ಏನು ನಡೆಯುತ್ತಿತ್ತೆಂದು ಅವನು ವಿವರಿಸಲಿಲ್ಲ. ಹತ್ತನೆಯ ಶತಮಾನದಲ್ಲಿ ನಾರ್ವೆಯ ದೊರೆಯಾದ ಹಾಕನ್, ಇಂಗ್ಲೆಂಡಿನ ಅರಮನೆಯಲ್ಲಿ ಕ್ರೈಸ್ತನಾಗಿ ಬೆಳೆದು ಮರಳಿ ಬಂದವನು. ಅವನ ಪ್ರಜೆಗಳು ಹಳೆಯ ದೇವರುಗಳನ್ನೇ ನಂಬಿದ್ದರು. ನಡುಚಳಿಯಲ್ಲಿ ಮೂರು ರಾತ್ರಿ ಆಚರಿಸುತ್ತಿದ್ದ ಯೂಲ್ ಹಬ್ಬವನ್ನು ಕ್ರೈಸ್ತರ ಕ್ರಿಸ್‌ಮಸ್ ಆರಂಭವಾಗುವ ದಿನಕ್ಕೇ ಆರಂಭಿಸಬೇಕು, ಪ್ರತಿಯೊಬ್ಬನೂ ನಿಗದಿಯಾದಷ್ಟು ಬಿಯರ್ ತಯಾರಿಸಿ ಅದು ಮುಗಿಯುವವರೆಗೆ ಹಬ್ಬ ಮಾಡಬೇಕು ಎಂದು ಅವನು ಕಾನೂನು ಮಾಡಿದನೆಂದು, ಅವನ ಕಾಲಕ್ಕಿಂತ ಸುಮಾರು ಮುನ್ನೂರು ವರ್ಷ ನಂತರ ಐಸ್‌ಲ್ಯಾಂಡಿನ ಸ್ನೊರಿ ಸ್ಟುರ್ಲುಸನ್ ಬರೆದ. ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ಕ್ರಿಸ್‌ಮಸ್‌ಗೆ ಇಂದಿಗೂ ‘ಯೂಲ್’ ಎಂದೇ ಹೆಸರು. ಹಳೆಯ ಹೆಸರು ಉಳಿಯಿತು. ಆದರೆ ಯೂಲ್ ಕೊರಡನ್ನು ಒಲೆಗೆ ಹಾಕುವ ಇಂಗ್ಲೆಂಡಿನ ಪದ್ಧತಿಯ ಸ್ಪಷ್ಟ ಉಲ್ಲೇಖಗಳು ಹದಿನೇಳನೆಯ ಶತಮಾನದಲ್ಲಷ್ಟೇ ಸಿಗುತ್ತವೆ.

ಮರದ ವಿಷಯಕ್ಕೆ ಬರೋಣ, ನಿಮ್ಮ ಮನೆಯ ಜಗಳ ಇದರ ಮೇಲೆಯೇ ತಾನೆ. ಕ್ರಿಸ್‌ಮಸ್ ಮರದ ಹಳೆಯ ನಂಬಲರ್ಹ ದಾಖಲೆಗಳು ಸಿಗುವುದು ಜರ್ಮನ್ ಭಾಷಿಕರಿದ್ದ ಅಲ್ಸೇಸ್ ಪ್ರಾಂತ್ಯದಲ್ಲಿ. ಸೆಲೆಸ್ತಾ ಪಟ್ಟಣದ 1521ರ ಲೆಕ್ಕಪತ್ರದಲ್ಲಿ, ಹಬ್ಬದ ಮರಗಳಿಗಾಗಿ ಕಾಡಿಗೆ ಕೊಡಲಿ ಬೀಳದಂತೆ ಕಾಯ್ದ ವನಪಾಲಕರಿಗೆ ನಾಲ್ಕು ಶಿಲಿಂಗ್ ಕೊಟ್ಟ ಖರ್ಚು ನಮೂದಾಗಿದೆ. ಸ್ಟ್ರಾಸ್‌ಬುರ್ಗ್ ನಗರದ ಜನ ಕ್ರಿಸ್‌ಮಸ್‌ಗೆ ಕೋಣೆಯೊಳಗೆ ಫರ್ ಮರಗಳನ್ನು ನಿಲ್ಲಿಸಿ, ಬಣ್ಣದ ಕಾಗದದ ಗುಲಾಬಿ, ಸೇಬು, ತೆಳುವಾದ ಬಿಲ್ಲೆರೊಟ್ಟಿ, ಬೇಗಡೆ ಮತ್ತು ಸಿಹಿತಿಂಡಿಗಳನ್ನು ತೂಗುಹಾಕುತ್ತಾರೆಂದು 1605ರ ಟಿಪ್ಪಣಿಯೊಂದು ಹೇಳುತ್ತದೆ. ಸೇಬು ಏಕೆ? ಮಧ್ಯಯುಗದ ಕ್ರೈಸ್ತ ಪಂಚಾಂಗದಲ್ಲಿ ಡಿಸೆಂಬರ್ 24 ಆದಾಮ ಮತ್ತು ಏವರ ದಿನ. ಅಂದು ಏದೆನ್ ತೋಟದ ನಾಟಕ ಆಡುವಾಗ, ಚಳಿಗಾಲದಲ್ಲಿ ಎಲೆಯಿರುವ ಮರ ಬೇಕೆಂದು ಫರ್ ಮರ ತಂದು ಅದಕ್ಕೆ ಸೇಬು ಕಟ್ಟುತ್ತಿದ್ದರು. ಮನೆಯೊಳಗಿನ ಮರ ಬಹುಶಃ ಆ ರಂಗಸ್ಥಳದಿಂದ ಬಂದದ್ದು. ಸೇಬಿನ ಜೊತೆ ತೂಗುತ್ತಿದ್ದ ಬಿಲ್ಲೆರೊಟ್ಟಿ ಪ್ರಸಾದದ ರೊಟ್ಟಿಯನ್ನು ನೆನಪಿಸುವುದು ಈ ಊಹೆಗೆ ಬಲ ಕೊಡುತ್ತದೆ.

ಜರ್ಮನರಲ್ಲಿ ಪವಿತ್ರ ವೃಕ್ಷಗಳಿದ್ದವು ಎಂಬುದರಲ್ಲಿ ಅನುಮಾನವಿಲ್ಲ. ಎಂಟನೆಯ ಶತಮಾನದಲ್ಲಿ ಸಂತ ಬೊನಿಫಾಸ್ ಹೆಸ್ಸೆ ಪ್ರಾಂತ್ಯದ ಗೈಸ್ಮಾರಿನಲ್ಲಿ ಗುಡುಗಿನ ದೇವರ ಓಕ್ ಮರವನ್ನು ಕಡಿದ ಕಥೆ ಪ್ರಸಿದ್ಧ. ಬಿದ್ದ ಓಕ್ ಮರದ ಬುಡದಲ್ಲಿ ಎಳೆಯ ಫರ್ ಗಿಡವೊಂದು ಕಂಡಿತು, ಅದೇ ಮೊದಲ ಕ್ರಿಸ್‌ಮಸ್ ಮರವಾಯಿತು ಎಂದು ಆಮೇಲಿನವರು ಹೇಳುತ್ತಾರೆ. ಆದರೆ ಬೊನಿಫಾಸರ ಹಳೆಯ ಜೀವನಚರಿತ್ರೆಯಲ್ಲಿ ಫರ್ ಗಿಡವಿಲ್ಲ. ಕಡಿದ ಓಕ್ ಮರದ ಹಲಗೆಗಳಿಂದ ಸಂತ ಪೇತ್ರರ ಹೆಸರಿನಲ್ಲಿ ಪುಟ್ಟ ಪ್ರಾರ್ಥನಾಲಯ ಕಟ್ಟಿದರೆಂದು ಮಾತ್ರ ಇದೆ. ಆ ಓಕ್ ಮರಕ್ಕೂ ಸೆಲೆಸ್ತಾದ ನಾಲ್ಕು ಶಿಲಿಂಗಿಗೂ ನಡುವೆ ಎಂಟು ನೂರು ವರ್ಷಗಳ ಅಂತರವಿದೆ, ಅದನ್ನು ತುಂಬುವ ದಾಖಲೆ ಯಾರ ಬಳಿಯೂ ಇಲ್ಲ. ಮರದ ವಿರುದ್ಧ ಯೆರೆಮೀಯ ಪ್ರವಾದಿಯ ಹತ್ತನೆಯ ಅಧ್ಯಾಯವನ್ನೂ ಎತ್ತಿಹೇಳುತ್ತಾರೆ. ಅಲ್ಲಿರುವುದು ಕಾಡಿನಿಂದ ಮರ ಕಡಿದು ತಂದು, ಶಿಲ್ಪಿ ಉಳಿಯಿಂದ ಕೆತ್ತಿ, ಬೆಳ್ಳಿಬಂಗಾರ ಹೊದಿಸಿ, ಅಲುಗದಂತೆ ಮೊಳೆ ಹೊಡೆದು ನಿಲ್ಲಿಸಿದ ವಿಗ್ರಹದ ವಿವರಣೆ. ಮಗಳಿಗೆ ಇಡೀ ಅಧ್ಯಾಯವನ್ನು ಓದಲು ಹೇಳಿ; ಅಲಂಕಾರದ ಮರದ ಮಾತು ಅದಲ್ಲವೆಂದು ಆಕೆಗೇ ತಿಳಿಯುತ್ತದೆ.

ಇಂಗ್ಲಿಷರು ಕ್ರಿಸ್‌ಮಸ್‌ಗೆ ಬಾಗಿಲಿನ ಮೇಲೆ ತೂಗುಹಾಕುವ ‘ಮಿಸಲ್‌ಟೋ’ ಎಂದರೆ ನಮ್ಮ ಮಾವಿನ ಮರಗಳಲ್ಲಿ ಕಾಣುವ ಬಂದಳಿಕೆಯ ಜಾತಿಯದೇ. ಗಾಲ್ ದೇಶದ ಡ್ರೂಯಿಡ್ ಪೂಜಾರಿಗಳು ಬಿಳಿಯ ಉಡುಪು ತೊಟ್ಟು, ಓಕ್ ಮರವೇರಿ, ಚಿನ್ನದ ಕುಡುಗೋಲಿನಿಂದ ಬಂದಳಿಕೆ ಕತ್ತರಿಸಿ, ಎರಡು ಬಿಳಿಯ ಹೋರಿಗಳನ್ನು ಬಲಿಕೊಡುತ್ತಿದ್ದರೆಂದು ರೋಮಿನ ಪ್ಲೀನಿ ಬರೆದಿದ್ದಾನೆ. ಅವನು ಹೇಳುವುದು ಚಂದ್ರನ ಆರನೆಯ ದಿನದ ಬಗ್ಗೆ, ಚಳಿಗಾಲದ ಅಯನದ ಬಗ್ಗೆ ಅಲ್ಲ. ಅದರ ಕೆಳಗೆ ನಿಂತು ಮುತ್ತಿಡುವ ಪದ್ಧತಿ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಾಣಿಸಿಕೊಂಡದ್ದು.

ಸಾಂತಾ ಕ್ಲಾಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇಂದಿನ ತುರ್ಕಿಯ ಮೀರಾ ಎಂಬಲ್ಲಿ ನಾಲ್ಕನೆಯ ಶತಮಾನದಲ್ಲಿದ್ದ ಬಿಷಪ್ ನಿಕೊಲಾಸ್, ಬಡವನೊಬ್ಬನ ಮೂವರು ಹೆಣ್ಣುಮಕ್ಕಳ ಮದುವೆಗೆ ಗುಟ್ಟಾಗಿ ಹೊನ್ನಿನ ಗಂಟು ಎಸೆದ ಕಥೆ ಯುರೋಪಿನಲ್ಲೆಲ್ಲ ಹಬ್ಬಿತು. ಡಚ್ಚರ ‘ಸಿಂಟರ್‌ಕ್ಲಾಸ್’ ಎಂಬ ಹೆಸರು ಅಮೆರಿಕದಲ್ಲಿ ‘ಸಾಂತಾ ಕ್ಲಾಸ್’ ಆಯಿತು. ಹಿಮಸಾರಂಗಗಳ ಬಂಡಿ 1820ರ ದಶಕದ ನ್ಯೂಯಾರ್ಕಿನ ಪದ್ಯಗಳಲ್ಲಿ ಬಂತು. ದುಂಡು ಹೊಟ್ಟೆಯ ರೂಪ 1863ರಿಂದ ವ್ಯಂಗ್ಯಚಿತ್ರಕಾರ ಥಾಮಸ್ ನಾಸ್ಟ್ ಬರೆದ ಚಿತ್ರಗಳಲ್ಲಿ ಗಟ್ಟಿಯಾಯಿತು. ಓಡಿನ್ನನಿಗೂ ಗಡ್ಡವಿತ್ತು, ಅವನ ಕುದುರೆಗೆ ಎಂಟು ಕಾಲಿದ್ದವು ಎಂಬ ಹೋಲಿಕೆಗಿಂತ ಹೆಚ್ಚಿನ ಆಧಾರವನ್ನು ಆ ವಾದ ಮಾಡುವವರು ಕೊಟ್ಟಿಲ್ಲ.

ಇಷ್ಟಾದ ಮೇಲೆ, ಈ ಪಟ್ಟಿಯನ್ನು ಮೊದಲು ಮಾಡಿದವರು ಯಾರೆಂಬುದು ಮಗಳಿಗೆ ಗೊತ್ತಿರಬೇಕು. ಅದು ಕ್ರೈಸ್ತ ವಿರೋಧಿಗಳ ಕೆಲಸವಲ್ಲ, ಕಟ್ಟಾ ಕ್ರೈಸ್ತರದು. ಬೈಬಲಿನಲ್ಲಿ ಇಲ್ಲದ ಹಬ್ಬ ಬೇಡವೆಂದ ಪ್ಯೂರಿಟನ್ನರ ಕಾಲದಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು 1647ರಲ್ಲಿ ಕ್ರಿಸ್‌ಮಸ್ಸನ್ನು ರದ್ದುಮಾಡಿತು. ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತು 1659ರಲ್ಲಿ, ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡ ವಿಧಿಸುವ ಕಾನೂನು ತಂದಿತು. ಅದನ್ನು ಹಿಂತೆಗೆದದ್ದು 1681ರಲ್ಲಿ. ಬೋಸ್ಟನ್ನಿನ ಪಾದ್ರಿ ಇನ್‌ಕ್ರೀಸ್ ಮ್ಯಾದರ್ 1687ರಲ್ಲಿ, ಡಿಸೆಂಬರ್ 25 ಸ್ಯಾಟರ್ನೇಲಿಯಾದಿಂದ ಬಂದದ್ದೆಂದು ವಾದಿಸಿದರು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಹಿಸ್ಲಪ್ 1858ರಲ್ಲಿ, ಕಥೋಲಿಕರ ಆಚರಣೆಗಳೆಲ್ಲ ಬಾಬಿಲೋನಿನ ವಿಗ್ರಹಾರಾಧನೆಯೇ ಎಂದು ದೊಡ್ಡ ಪುಸ್ತಕವನ್ನೇ ಬರೆದರು; ಅದರ ಬಹುತೇಕ ವಾದಗಳು ಮುಂದಿನ ಪುರಾತತ್ವ ಸಂಶೋಧನೆಯ ಮುಂದೆ ನಿಲ್ಲಲಿಲ್ಲ, ಆದರೆ ಅಂತರ್ಜಾಲದಲ್ಲಿ ಇನ್ನೂ ಓಡುತ್ತಿವೆ. ನಿಮ್ಮ ಫೋನಿಗೆ ಬರುವ ಸಂದೇಶದ ವಂಶಾವಳಿ ಇದು.

ಹಳೆಯ ಹಬ್ಬವನ್ನು ಹೊಸ ಹಬ್ಬ ಹೇಗೆ ಒಳಗೊಳ್ಳುತ್ತದೆ ಎಂಬುದನ್ನು ಕಾಣಲು ನೀವು ರೋಮಿಗೆ ಹೋಗಬೇಕಾಗಿಯೂ ಇಲ್ಲ. ಪೋಪ್ ಮಹಾ ಗ್ರೆಗೊರಿ 601ರಲ್ಲಿ ಇಂಗ್ಲೆಂಡಿಗೆ ಹೊರಟ ಮೆಲ್ಲಿತುಸ್ ಎಂಬ ಧರ್ಮಪ್ರಚಾರಕರಿಗೆ ಬರೆದ ಪತ್ರದಲ್ಲಿ, ವಿಗ್ರಹಗಳನ್ನು ತೆಗೆಯಿರಿ ಆದರೆ ಗುಡಿಗಳನ್ನು ಕೆಡವಬೇಡಿ, ಅವರು ದೇವರುಗಳಿಗೆ ಕಡಿಯುತ್ತಿದ್ದ ಎತ್ತುಗಳನ್ನು ಇನ್ನು ಮುಂದೆ ಹಬ್ಬದೂಟಕ್ಕಾಗಿ ಕಡಿದು ದೇವರನ್ನು ಕೊಂಡಾಡಲಿ ಎಂದು ಸಲಹೆ ಕೊಟ್ಟರು. ಇದಕ್ಕೆ ತದ್ವಿರುದ್ಧವಾಗಿ, ಗೋವೆಯಲ್ಲಿ ಇನ್‌ಕ್ವಿಸಿಷನ್ ಎಂಬ ಚರ್ಚಿನ ಧರ್ಮವಿಚಾರಣಾ ನ್ಯಾಯಾಲಯದ ಅಧಿಕಾರಿಗಳು 1736ರಲ್ಲಿ ಹೊರಡಿಸಿದ ಆಜ್ಞೆಯಲ್ಲಿ ಹೊಸ ಕ್ರೈಸ್ತರ ಮನೆಗಳಲ್ಲಿ ಉಳಿದಿದ್ದ ಹಿಂದೂ ಪದ್ಧತಿಗಳನ್ನು ಒಂದೊಂದಾಗಿ ಹೆಸರಿಸಿ ನಿಷೇಧಿಸಿದರು. ಆದರೂ ಏನು ಉಳಿಯಿತೆಂದು ನಿಮ್ಮ ಮನೆಯಲ್ಲೇ ನೋಡಿ. ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಜನ್ಮದಿನವಾದ ಮೊಂತಿ ಫೆಸ್ತ್ ದಿನ ಇಗರ್ಜಿಯಲ್ಲಿ ಮಕ್ಕಳು ಬಾಲಮರಿಯಮ್ಮನವರಿಗೆ ಹೂವು ಅರ್ಪಿಸುತ್ತಾರೆ, ಪಾದ್ರಿಗಳು ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಕೊಡುತ್ತಾರೆ, ಮನೆಯ ಹಿರಿಯರು ಅದರ ಕಾಳು ಸುಲಿದು ಹಾಲಿಗೆ ಅಥವಾ ಪಾಯಸಕ್ಕೆ ಹಾಕಿ ಎಲ್ಲರಿಗೂ ಹಂಚುತ್ತಾರೆ, ಅಂದು ಮೀನುಮಾಂಸವಿಲ್ಲದ ಊಟ. ಪಕ್ಕದ ಮನೆಯ ತುಳುವರು ಅದೇ ಋತುವಿನಲ್ಲಿ ತೆನೆ ಕಟ್ಟಿ ಹೊಸ ಅಕ್ಕಿಯ ಊಟ ಮಾಡುತ್ತಾರೆ. ಕ್ರಿಸ್‌ಮಸ್ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ತಟ್ಟೆಯಲ್ಲಿರುವ ನೆವ್ರಿ, ಹಿಂದೂ ಮನೆಗಳ ಕರ್ಜಿಕಾಯಿಯೇ. ಮೊಂತಿ ಫೆಸ್ತ್ ‘ನಿಜವಾಗಿ’ ಹಿಂದೂ ಹಬ್ಬವೆಂದು ಯಾರಾದರೂ ಹೇಳಿದರೆ ನೀವು ಒಪ್ಪುವುದಿಲ್ಲ; ಅದಕ್ಕೂ ಈ ನೆಲದ ತೆನೆಗೂ ನಂಟಿಲ್ಲವೆಂದರೂ ಒಪ್ಪುವುದಿಲ್ಲ. ಲಿಯೋ ಪೋಪರ ಕಾಲದ ರೋಮಿನ ಜನರ ಸ್ಥಿತಿಯೂ ಇದೇ ಆಗಿತ್ತೆಂದು ನನಗನಿಸುತ್ತದೆ.

ಇನ್ನುಳಿದದ್ದು ಬಾಗಿಲಿನ ನಕ್ಷತ್ರ. ಜ್ಞಾನಿಗಳಿಗೆ ದಾರಿ ತೋರಿದ ನಕ್ಷತ್ರದ ಕಥೆ ಮತ್ತಾಯರ ಶುಭಸಂದೇಶದ್ದು. ಅದನ್ನು ಬಿದಿರಿನ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ಮಾಡುವ ಕೈಚಳಕ ನಮ್ಮ ಕರಾವಳಿಯ ಗೂಡುದೀಪದ್ದೇ. ಒಳಗೆ ದೀಪವಿರುವ, ಹಲವು ಮೊನೆಗಳ ಕಾಗದದ ನಕ್ಷತ್ರ ಯುರೋಪಿನಲ್ಲಿ ಹೆಸರಾದದ್ದು ಜರ್ಮನಿಯ ಮೊರಾವಿಯನ್ ಪಂಥದವರಿಂದ. 1830ರ ದಶಕದಲ್ಲಿ ಅವರ ಹುಡುಗರ ಶಾಲೆಯೊಂದರಲ್ಲಿ, ರೇಖಾಗಣಿತದ ಪಾಠಕ್ಕೆಂದು ಮಕ್ಕಳಿಂದ ಅದನ್ನು ಮಾಡಿಸಿದ್ದರು.